ಮಳೆಗಾಲ ಕಳೆದ ಲಾರಿ, ಕಚ್ಚಿಕೊಂಡ ಡ್ರಮ್

ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ ನನಗೆ ಒಂದೇ ತರದ ಫೋನು ಬರುತ್ತದೆ. "ಗಾಡಿ ಸ್ಟಾರ್ಟ್ ಆಗುತ್ತೆ ಮಾರಾಯ್ರೆ, ಆದರೆ ಹಿಂದಿನ ಚಕ್ರ ತಿರುಗ್ತಿಲ್ಲ." ಆರಿದ್ರಾ ಮಳೆಗೆ ಮುಂಚೆ ಹ್ಯಾಂಡ್ ಬ್ರೇಕ್ ಎಳೆದು ತೋಟದ ಅಂಚಿಗೆ ನಿಲ್ಲಿಸಿದ ಲಾರಿ ಅದು. ಆಗುಂಬೆ ಕಡೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಮಳೆ. ಅಂಥ ತೇವದಲ್ಲಿ ತಿಂಗಳುಗಟ್ಟಲೆ ನಿಂತರೆ ಬ್ರೇಕಿನ ಲೈನಿಂಗ್, ಅಂದರೆ ಉಜ್ಜಿ ಚಕ್ರ ನಿಲ್ಲಿಸುವ ಪಟ್ಟಿ, ಚಕ್ರದ ಜೊತೆ ತಿರುಗುವ ಡ್ರಮ್ಮಿಗೆ ಅಂಟದೆ ಇನ್ನೇನಾಗುತ್ತದೆ?

ಈ ಸಲ ಮೇಗರವಳ್ಳಿ ಹತ್ತಿರ ಒಂದು ಹಳೆ ಮೂತಿಯ ಟಾಟಾ. ನಮ್ಮ ಹಿರಿಯರು ಇವತ್ತಿಗೂ ಇದನ್ನು ಬೆಂಜ್ ಲಾರಿ ಅಂತಲೇ ಕರೆಯುತ್ತಾರೆ. ಟಾಟಾದವರು 1954ರಲ್ಲಿ ಲಾರಿ ಮಾಡಲು ಶುರು ಮಾಡಿದ್ದೇ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ. 1969ರಲ್ಲಿ ಆ ಒಪ್ಪಂದ ಮುಗಿಯಿತು, ಹೆಸರು ಮಾತ್ರ ಜನರ ಬಾಯಲ್ಲಿ ಉಳಿಯಿತು. ನಾನು ಹೋಗುವಷ್ಟರಲ್ಲಿ ಯಾರೋ ಒಂದು ಡ್ರಮ್ಮಿನ ಅಂಚಿಗೆ ದೊಡ್ಡ ಸುತ್ತಿಗೆಯಲ್ಲಿ ಬಾರಿಸಿದ್ದರು. ಅಂಚು ಸೀಳಿತ್ತು. ನೋಡಿ ಹೊಟ್ಟೆ ಉರಿಯಿತು. ಡ್ರಮ್ ಬೀಡು ಕಬ್ಬಿಣದ್ದು. ಭದ್ರಾವತಿಯಲ್ಲೋ ಮಾಚೇನಹಳ್ಳಿಯ ಫೌಂಡ್ರಿಗಳಲ್ಲೋ ಕೆಲಸ ಮಾಡಿದವರನ್ನು ಕೇಳಿ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಇಷ್ಟು ಹಳೆ ಗಾಡಿಗೆ ಸರಿಯಾದ ಡ್ರಮ್ ಹುಡುಕುವುದೇ ಒಂದು ಕೆಲಸ.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಸುತ್ತಿಗೆ ಎತ್ತುವ ಮೊದಲು ಅದು ಎಲ್ಲಿ ಹಿಡಿದಿದೆ ಅಂತ ನೋಡಿ.

ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಟ್ಟೆ ಕೊಡಿ. ಜಾಕಿ ಎತ್ತಿ ಗಟ್ಟಿ ಸ್ಟ್ಯಾಂಡ್ ಇಡಿ, ಬರೀ ಜಾಕಿ ನಂಬಬೇಡಿ. ತೋಟದ ಮಣ್ಣು ಮೆತ್ತಗಿರುತ್ತದೆ, ಅಡಿಗೆ ದಪ್ಪ ಹಲಗೆ ಬೇಕೇ ಬೇಕು. ಆಮೇಲೆ ಹ್ಯಾಂಡ್ ಬ್ರೇಕ್ ಬಿಡಿ, ಬ್ರೇಕಿನ ಬಿಗಿ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಸಡಿಲ ಮಾಡಿ. ಈಗ ಚಕ್ರ ಕಳಚಿ ಡ್ರಮ್ ಅಲುಗಾಡಿಸಿ. ಸ್ವಲ್ಪ ಹೊರಗೆ ಬಂದು ಟಕ್ ಅಂತ ನಿಂತರೆ ಅದು ತುಕ್ಕಲ್ಲ. ಲೈನಿಂಗ್ ಉಜ್ಜಿ ಉಜ್ಜಿ ಡ್ರಮ್ಮಿನ ಒಳಗೆ ಅಂಚು ಎದ್ದಿರುತ್ತದೆ, ಲೈನಿಂಗ್ ಹೊತ್ತ ಕಮಾನು, ಅಂದರೆ ಶೂ, ಅದಕ್ಕೆ ಸಿಕ್ಕಿಕೊಂಡಿರುತ್ತದೆ. ಅಲ್ಲಿ ಎಷ್ಟು ಬಾರಿಸಿದರೂ ಪ್ರಯೋಜನವಿಲ್ಲ, ಶೂ ಇನ್ನೂ ಒಳಗೆ ಸರಿಯಬೇಕು. ಒಂದು ಕೂದಲೆಳೆಯೂ ಅಲ್ಲಾಡಲಿಲ್ಲವಾ? ಆಗ ಚಕ್ರದ ನಡುವಿನ ಹಬ್ಬಿನ ಮೇಲೆ ಡ್ರಮ್ ಕೂತ ಜಾಗದಲ್ಲೇ ತುಕ್ಕು ಹಿಡಿದಿದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಸಂದಿಯೆಲ್ಲ ತುಂಬಿ ಬಿಗಿದುಬಿಡುತ್ತದೆ. ಆ ಜಾಗದ ಸುತ್ತಲೂ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಡಿ. ಎಷ್ಟೋ ಡ್ರಮ್ಮುಗಳ ಮುಖದಲ್ಲಿ ಬೋಲ್ಟ್ ತಿರುಗಿಸಲು ಥ್ರೆಡ್ ಇರುವ ತೂತುಗಳಿರುತ್ತವೆ. ಕೆಸರು ತುಂಬಿ ಕಾಣುವುದಿಲ್ಲ, ಕೆರೆದು ಹುಡುಕಬೇಕು. ಎದುರುಬದುರು ಬೋಲ್ಟ್ ಹಾಕಿ, ಒಂದಕ್ಕೊಂದು ಸರಿಸಮ ಕಾಲು ಸುತ್ತು, ಕಾಲು ಸುತ್ತು ಬಿಗಿಯುತ್ತಾ ಬಂದರೆ ಡ್ರಮ್ ತಾನೇ ಎದ್ದು ಬರುತ್ತದೆ. ತಟ್ಟಲೇಬೇಕು ಅಂದರೆ ತಾಮ್ರದ ಸುತ್ತಿಗೆಯಲ್ಲಿ, ಚಕ್ರದ ನಟ್ಟು ಕೂರುವ ಸ್ಟಡ್ಡುಗಳ ನಡುವಿನ ಮುಖಕ್ಕೆ ತಟ್ಟಿ. ಅಂಚಿಗೆ ಬೇಡ.

ಕೆಲವು ಗಾಡಿಗಳಲ್ಲಿ ಡ್ರಮ್ ಹಬ್ ಸಮೇತವೇ ಬರಬೇಕು. ಅಲ್ಲಿ ಮೊದಲು ಆಕ್ಸಲ್ ತೆಗೆಯಬೇಕು. ಈ ಲಾರಿಗಳಲ್ಲಿ ಗಾಡಿಯ ಭಾರ ಹೊರುವುದು ಹೊರಗಿನ ಕೇಸಿಂಗ್. ಒಳಗಿನ ಆಕ್ಸಲ್ ಚಕ್ರ ತಿರುಗಿಸುವುದಕ್ಕೆ ಮಾತ್ರ, ಹಾಗಾಗಿ ಚಕ್ರ ನೆಲದ ಮೇಲಿದ್ದಾಗಲೂ ಎಳೆಯಬಹುದು. ನಟ್ಟು ಸಡಿಲಿಸಿದರೂ ಆಕ್ಸಲ್ ಬರುವುದಿಲ್ಲ, ಯಾಕೆಂದರೆ ಸ್ಟಡ್ಡಿನ ಸುತ್ತ ಸಣ್ಣ ಸೀಳು ಕೋನುಗಳು ಬೆಣೆಯಂತೆ ಕೂತಿರುತ್ತವೆ. ನಟ್ಟುಗಳನ್ನು ಪೂರ್ತಿ ತೆಗೆಯಬೇಡಿ, ತುದಿಯಲ್ಲಿ ಹಾಗೇ ಇರಲಿ, ಕೋನು ಮುಖಕ್ಕೆ ಹಾರುವುದಿಲ್ಲ. ಈಗ ಆಕ್ಸಲ್ ತುದಿಯ ತಟ್ಟೆಯ, ಅಂದರೆ ಫ್ಲಾಂಜಿನ, ನಟ್ಟನಡುವೆ ಹಿತ್ತಾಳೆ ತುಂಡು ಇಟ್ಟು ಒಂದು ಗಟ್ಟಿ ಏಟು. ಫ್ಲಾಂಜು ನಡುಗಿದ ಕೂಡಲೇ ಕೋನುಗಳು ಸಡಿಲವಾಗುತ್ತವೆ. ಇಲ್ಲಿ ಏಟು ಬೇಕು, ಡ್ರಮ್ಮಿನ ಅಂಚಿನಲ್ಲಿ ಬೇಡ. ಈ ವ್ಯತ್ಯಾಸ ತಿಳಿದರೆ ಅರ್ಧ ಕೆಲಸ ಮುಗಿಯಿತು. ಫ್ಲಾಂಜು, ಹಬ್ಬಿನ ನಡುವಿನ ಸಂದಿಗೆ ಉಳಿ ಹೊಡೆಯುವವರನ್ನು ನೋಡಿದ್ದೇನೆ. ಆ ಗಾಯದಿಂದ ಮುಂದೆ ಗೇರ್ ಎಣ್ಣೆ ಸೋರಿ ಲೈನಿಂಗ್ ನೆನೆಯುತ್ತದೆ. ಘಾಟಿ ಇಳಿಯುವಾಗ ಬ್ರೇಕ್ ಹಿಡಿಯದಿದ್ದರೆ ಏನು ಗತಿ?

ಡ್ರಮ್ ಬಂದ ಮೇಲೆ ಒಳಗಿನ ಪುಡಿಯನ್ನು ಗಾಳಿ ಬಿಟ್ಟು ಹಾರಿಸಬೇಡಿ. ಹಳೆ ಲೈನಿಂಗಿನಲ್ಲಿ ಕಲ್ನಾರು ಇರುತ್ತಿತ್ತು, ಅದು ಶ್ವಾಸಕೋಶಕ್ಕೆ ಹೋದರೆ ಕ್ಯಾನ್ಸರ್ ತರುವ ವಸ್ತು. ನೀರು ಚಿಮುಕಿಸಿ ಒದ್ದೆ ಬಟ್ಟೆಯಲ್ಲಿ ಒರೆಸಿ, ಬಟ್ಟೆ ಕವರಿಗೆ ಕಟ್ಟಿ. ನಮ್ಮ ಶೆಡ್ಡಿನ ಹುಡುಗರಿಗೆ ಇದರಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಮೇಗರವಳ್ಳಿಯ ಲಾರಿಯ ಸೀಳಿದ ಡ್ರಮ್ ಉಳಿಯಲಿಲ್ಲ. ಅದನ್ನು ವೆಲ್ಡ್ ಮಾಡಿ ಹಾಕಿ ಅಂತ ಮಾಲೀಕರು ಕೇಳಿದರು, ನಾನು ಒಪ್ಪಲಿಲ್ಲ. ಇನ್ನೊಂದು ಬದಿಯದು ಎಣ್ಣೆ ಕುಡಿದು ಮಾರನೇ ದಿನ ಬೋಲ್ಟಿಗೆ ಎದ್ದು ಬಂತು. ಹಬ್ಬಿನ ತುಕ್ಕು ಉಜ್ಜಿ ತೆಳ್ಳಗೆ ಗ್ರೀಸ್ ಸವರಿದೆವು, ಲೈನಿಂಗಿಗೆ ತಾಗದಷ್ಟು. ಮುಂದಿನ ಮಳೆಗಾಲಕ್ಕೆ ಹ್ಯಾಂಡ್ ಬ್ರೇಕ್ ಎಳೆಯದೆ ಸಮತಟ್ಟು ಜಾಗದಲ್ಲಿ ಕಟ್ಟೆ ಕೊಟ್ಟು ನಿಲ್ಲಿಸಿ, ಮಳೆ ಬಿಟ್ಟಾಗ ಅಂಗಳದಲ್ಲಿ ನಾಲ್ಕು ಮಾರು ಓಡಿಸಿ ಅಂತ ಹೇಳಿ ಬಂದಿದ್ದೇನೆ.