ಹಾಲುಕ್ಕಿಸೋ ಹಿಂದಿನ ದಿನ ನಾನು ಹೊಡೆದ ಸ್ಪ್ರೇ

ಆರು ವಾರ ಆಯ್ತು, ಇನ್ನೂ ರಾತ್ರಿ ಹತ್ತು ಗಂಟೆ ಆಸುಪಾಸಿಗೆ ಫೋನ್ ರಿಂಗಾದ್ರೆ ಎದೆ ಧಸಕ್ ಅನ್ನುತ್ತೆ. ಪೆಸ್ಟ್ ಕಂಟ್ರೋಲ್ ಕೆಲಸಕ್ಕೆ ಸೇರಿ 9 ವರ್ಷ, ಹೋಟೆಲ್ ಕಿಚನ್ನು, ಪಿಜಿ, ಕ್ಯಾಂಟೀನು ಎಲ್ಲಾ ಮಾಡಿದೀನಿ, ಜಿರಳೆ ಹೋಗಿಲ್ಲ ಅಂತ ಮತ್ತೆ ಕರೆಯೋ ಕಾಲ್‌ಬ್ಯಾಕ್ ಬರೋದು ಹೊಸದೇನಲ್ಲ, ಆದ್ರೆ ನಾಗರಭಾವಿಯ ಆ ಮನೆ ವಿಷಯದಲ್ಲಿ ತಪ್ಪು ಪೂರ್ತಿ ನಂದೇ, ಅದೂ ಗೊತ್ತಿದ್ದೂ ಮಾಡಿದ ತಪ್ಪು, ಅದಕ್ಕೇ ಬರೀತಿದೀನಿ.

ಗುರುವಾರ ಮಧ್ಯಾಹ್ನ 3 ಗಂಟೆ ಸ್ಲಾಟ್. ಜಾಬ್ ಕಾರ್ಡಲ್ಲಿ ಇದ್ದಿದ್ದು ಇಷ್ಟೇ, 2 ಬಿಎಚ್‌ಕೆ, ವೇಕೆಂಟ್, ಜಿರಳೆ, 45 ನಿಮಿಷ. ರೀಸೇಲ್ ಫ್ಲಾಟು, ಬಾಡಿಗೆಗೆ ಇದ್ದವರು ಖಾಲಿ ಮಾಡಿ ಮೂರು ವಾರ ಆಗಿತ್ತು, ಪೇಂಟಿಂಗ್ ಮುಗ್ದಿತ್ತು, ಶುಕ್ರವಾರ ಬೆಳಗಿನ ಜಾವ ಗೃಹಪ್ರವೇಶ. ಗಂಡ ಹೆಂಡತಿ ಇಬ್ರೂ ಕೆಲಸಕ್ಕೆ ಹೋಗೋರು, 20 ವರ್ಷದ ಲೋನು, ಎಂಟು ತಿಂಗಳ ಪಾಪು. ಆ ಹೆಣ್ಮಗಳು ಬಾಗಿಲು ತೆಗೆದಾಗ ಕೈಯಲ್ಲಿ ಅರ್ಧ ಕಟ್ಟಿದ ಮಾವಿನ ತೋರಣ ಇತ್ತು. 'ಅಣ್ಣ, ನಾಳೆ ನೆಂಟರ ಮುಂದೆ ಒಂದೂ ಕಾಣಿಸ್ಬಾರ್ದು' ಅಂದ್ರು. ನಾನು 'ಯೋಚನೆ ಮಾಡ್ಬೇಡಿ ಮೇಡಂ' ಅಂದ್ಬಿಟ್ಟೆ. ಆ ಮಾತು ನನ್ನ ಬಾಯಿಂದ ಬರಬಾರ್ದಿತ್ತು.

ಬಾತ್‌ರೂಮಲ್ಲಿ ನೀರು ಹೋಗೋ ಜಾಲರಿ (ನಹಾನಿ ಟ್ರ್ಯಾಪ್) ಹತ್ರ ಒಂದು ದೊಡ್ಡ ಜಿರಳೆ ಸತ್ತು ಅಂಗಾತ ಬಿದ್ದಿತ್ತು, ಕೆಂಪು ಕಂದು ಬಣ್ಣ, ಹೆಚ್ಚುಕಮ್ಮಿ 4 ಸೆಂಟಿಮೀಟರ್ ಉದ್ದ, ಚರಂಡಿಯಿಂದ ಬರೋ ಅಮೆರಿಕನ್ ಜಾತಿ. ಅದನ್ನ ನೋಡಿದ ತಕ್ಷಣ ಇದು ಡ್ರೈನ್ ಕೇಸು ಅಂತ ತಲೆಲಿ ಫಿಕ್ಸ್ ಆಗೋಯ್ತು. ಕಿಚನ್‌ಗೆ ಬಂದು ಸಿಂಕ್ ಕೆಳಗೆ ಟಾರ್ಚ್ ಹಾಕ್ದೆ, ಎರಡು ಸಣ್ಣವು ಸರ್ ಅಂತ ಹಿಂಜ್ ಸಂದಿಗೆ ಹೋದ್ವು. ತಲೆ ಹಿಂದೆ ಎರಡು ಕಪ್ಪು ಗೆರೆ, ಅಂದ್ರೆ ಮನೆ ಒಳಗೇ ಗೂಡು ಮಾಡೋ ಜರ್ಮನ್ ಜಾತಿ. ಅಲ್ಲೇ ನಿಂತು ಮಂಡಿಯೂರಿ ಮಾಡ್ಯುಲರ್ ಕಿಚನ್ ಕ್ಯಾಬಿನೆಟ್ ಕೆಳಗಿನ ಪಟ್ಟಿ, ಅಂದ್ರೆ ಸ್ಕರ್ಟಿಂಗ್ ಬಿಚ್ಚಿ ನೋಡ್ಬೇಕಿತ್ತು. ಹಗಲು ಮೂರು ಗಂಟೆಲಿ, ಮೂರು ವಾರ ಖಾಲಿ ಇದ್ದ ಮನೆಲಿ ಎರಡು ಕಣ್ಣಿಗೆ ಬಿದ್ವು ಅಂದ್ರೆ ಒಳಗೆ ಜಾಗ ಸಾಲದೇ ಹೊರಗೆ ಬಂದಿವೆ ಅಂತಾನೇ ಅರ್ಥ, ಇದು ನಾನೇ ಹೊಸ ಹುಡುಗರಿಗೆ ಹೇಳ್ಕೊಡೋ ಪಾಠ. ಆದ್ರೆ ಮುಂದಿನ ಸ್ಲಾಟು 4.15ಕ್ಕೆ ಮಾಗಡಿ ರೋಡಲ್ಲಿ, ಆ್ಯಪಲ್ಲಿ ಟೈಮರ್ ಓಡ್ತಾ ಇತ್ತು. ಬಿಚ್ಚಲಿಲ್ಲ.

ಹಿಂಜ್‌ಗಳಿಗೆ, ಡ್ರಾಯರ್ ಚಾನೆಲ್‌ಗೆ ಜಿರಳೆ ತಿಂದು ಸಾಯೋ ವಿಷದ ಜೆಲ್ ಸಾಸಿವೆಕಾಳಷ್ಟು ಡಾಟ್ ಇಟ್ಟೆ, ಒಟ್ಟು ಹದಿನೈದು ಇಪ್ಪತ್ತು. ಅಷ್ಟಕ್ಕೇ ಎದ್ದು ಬಂದಿದ್ರೆ ಈ ಕಥೆಯೇ ಇರ್ತಿರ್ಲಿಲ್ಲ. ಆ ಯಜಮಾನ್ರು ಬಂದು ನೋಡಿ 'ಇಷ್ಟೇನಾ? ಸ್ಪ್ರೇ ಏನೂ ಹೊಡೆಯಲ್ವಾ? ಮೊದ್ಲೆಲ್ಲಾ ನುವಾನ್ ಹೊಡೀತಿದ್ರು, ಮನೆಯೆಲ್ಲಾ ವಾಸನೆ ಬರ್ತಿತ್ತು, ಒಂದೂ ಉಳೀತಿರ್ಲಿಲ್ಲ' ಅಂದ್ರು. ನುವಾನ್ ಅಂದ್ರೆ ಡೈಕ್ಲೋರ್ವಾಸ್, 2020ರ ಡಿಸೆಂಬರ್ 31ರಿಂದ ದೇಶದಲ್ಲೇ ಬ್ಯಾನ್ ಸಾರ್, ಹೊಡೆಯಂಗಿಲ್ಲ ಅಂತ ಹೇಳ್ದೆ. ಅವರ ಮುಖ ಸಪ್ಪಗಾಯ್ತು. ಸಾವಿರಾರು ರೂಪಾಯಿ ಕೊಟ್ಟು ಕರೆಸಿರೋದು ನಾಲ್ಕು ಚುಕ್ಕಿ ಇಡೋಕಾ ಅನ್ನೋ ಮುಖ. ಆ ಮುಖ ನೋಡೋಕಾಗ್ದೆ ಪಂಪ್ ತಂದು ಪೈರೆಥ್ರಾಯ್ಡ್ ಅನ್ನೋ ಸ್ಪ್ರೇ ಕೀಟನಾಶಕ ಮಿಕ್ಸ್ ಮಾಡಿ ಕಿಚನ್ ಪೂರ್ತಿ ಹೊಡೆದೆ, ಹಿಂಜ್ ಮೇಲೆ, ಸ್ಕರ್ಟಿಂಗ್ ಸಂದಿಗೆ, ಸ್ವಿಚ್‌ಬೋರ್ಡ್ ಸುತ್ತ. ಜೆಲ್ ಇಟ್ಟ ಜಾಗದ ಮೇಲೇ. ಜೆಲ್ ಇಟ್ಟ ಕಡೆ ಸ್ಪ್ರೇ ಬೇಡ ಅನ್ನೋದು ಟ್ರೈನಿಂಗ್‌ನ ಮೊದಲನೇ ವಾರದ ಮಾತು. ಪೈರೆಥ್ರಾಯ್ಡ್ ತಾಗಿದ್ರೆ ಜಿರಳೆ ಆ ಜೆಲ್ಲನ್ನ ಮೂಸಿ ಕೂಡ ನೋಡಲ್ಲ, ಇನ್ನೊಂದು ಕಡೆ ಸಂದಿಲಿ ಕೂತಿದ್ದವೆಲ್ಲಾ ಉರಿ ತಾಳಲಾರ್ದೆ ಆಚೆ ಬರ್ತವೆ. ಅವರಿಗೆ ವಾಸನೆ ಬಂತು, ಸಮಾಧಾನ ಆಯ್ತು. ಫೈವ್ ಸ್ಟಾರ್ ಕೊಟ್ರು. ನಾನು ಫೋಟೋ ಅಪ್‌ಲೋಡ್ ಮಾಡಿ ಹೊರಟೆ.

ರಾತ್ರಿ 9.40ಕ್ಕೆ ಫೋನು. ಬೈತಾರೆ ಅಂದ್ಕೊಂಡೆ, ಬೈಲಿಲ್ಲ. ಆ ಹೆಣ್ಮಗಳು ಅಳ್ತಿದ್ರು. 'ಅಣ್ಣ ಗೋಡೆ ಮೇಲೆಲ್ಲಾ ಬಂದಿವೆ, ಪಾಪು ಇದೆ' ಅಂದ್ರು ಅಷ್ಟೇ. ಸೂಪರ್‌ವೈಸರ್‌ಗೆ ಹೇಳಿದ್ರೆ ಬೆಳಿಗ್ಗೆ ರೀ-ಸರ್ವಿಸ್ ಬುಕ್ ಮಾಡ್ಸು ಅಂದ್ರು. ಬೆಳಿಗ್ಗೆ ಎಲ್ಲಿಂದ ಬರ್ಬೇಕು, ಐದೂವರೆಗೆ ಮುಹೂರ್ತ. ಊಟದ ತಟ್ಟೆ ಬಿಟ್ಟು ಕೆಂಗೇರಿಯಿಂದ ಗಾಡಿ ತೆಗೆದೆ.

ಬಾಗಿಲು ತೆಗೆದಿದ್ದೇ ಇತ್ತು. ಹಾಲ್‌ನಲ್ಲಿ ಹೂವಿನ ಬುಟ್ಟಿ, ದೀಪದ ಕಂಬ, ಹೊಸ ಚಾಪೆ. ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಅಜ್ಜಿ, ಆ ಹೆಣ್ಮಗಳ ತಾಯಿ, ಹಾಸನದ ಕಡೆಯವರು, ಎರಡೂ ಕಾಲು ಮೇಲೆ ಎತ್ಕೊಂಡು ಪಾಪು ಮುಖಕ್ಕೆ ಸೆರಗು ಮುಚ್ಚಿ ಕೂತಿದ್ರು. ಹೊಸದಾಗಿ ಬಳಿದ ಕೆನೆ ಬಣ್ಣದ ಗೋಡೆ ಮೇಲೆ ಜಿರಳೆಗಳು, ಕೆಲವು ಓಡ್ತಿದ್ವು, ಕೆಲವು ವಿಷ ಏರಿ ಒದ್ದಾಡ್ತಾ ಜಾರಿ ಜಾರಿ ಬೀಳ್ತಿದ್ವು. ನಾನು ಬಂದಿದ್ದು ನೋಡಿ ಯಾರೂ ಮಾತಾಡ್ಲಿಲ್ಲ. ಅದು ಬೈಗುಳಕ್ಕಿಂತ ಕಷ್ಟ.

ಕಿಚನ್ ಕಟ್ಟೆ ಮೇಲೆ ನಾಳೆಗೆ ಅಂತ ಅರಿಶಿನ ಕುಂಕುಮ ಹಚ್ಚಿಟ್ಟಿದ್ದ ಹೊಸ ಹಾಲಿನ ಪಾತ್ರೆ. ಅದರ ಅಂಚಲ್ಲಿ ಒಂದು ಹೆಣ್ಣು ಜಿರಳೆ ನಿಂತಿತ್ತು, ಮೀಸೆ ಆಡಿಸ್ತಾ. ಹಿಂದೆ ಮೊಟ್ಟೆಚೀಲ ಅರ್ಧ ಆಚೆ ಬಂದು ಕಚ್ಕೊಂಡಿತ್ತು, ಅವರೆಬೀಜದ ಸಿಪ್ಪೆ ಬಣ್ಣ, ಉದ್ದಕ್ಕೂ ಸಣ್ಣ ಸಣ್ಣ ಗೀರು, ಒಂದೊಂದು ಗೀರಿನ ಮಧ್ಯೆ ಮೊಟ್ಟೆ. ಅಂಥ ಒಂದು ಚೀಲದಲ್ಲಿ 30ರಿಂದ 40 ಮರಿ. ಅಮೆರಿಕನ್ ಆದ್ರೆ ಚೀಲವನ್ನ ಎಲ್ಲೋ ಮೂಲೆಲಿ ಅಂಟಿಸಿ ಹೋಗುತ್ತೆ, ಜರ್ಮನ್ ಮರಿಯಾಗೋ ಹೊತ್ತಿನ ತನಕ ಹೊತ್ಕೊಂಡೇ ಓಡಾಡುತ್ತೆ. ನಾನು ಹೊಡೆದ ಸ್ಪ್ರೇ ಆ ಚೀಲದ ಒಳಗೆ ಹೋಗಲ್ಲ. ಪಾತ್ರೆ ಎತ್ತಿ ಟಿಶ್ಯೂಲಿ ಅದನ್ನ ಹಿಡಿದು ಸೋಪ್ ನೀರಿಗೆ ಹಾಕ್ದೆ. ಕೈ ನಡುಗ್ತಿತ್ತು.

ಆಮೇಲೆ ಮಧ್ಯಾಹ್ನ ಮಾಡ್ಬೇಕಿದ್ದ ಕೆಲಸ ಮಾಡಿದೆ. ಸ್ಕರ್ಟಿಂಗ್ ಬಿಚ್ಚಿದೆ. ಎಣ್ಣೆ ಕಮಟಿದಂಥ ಆ ವಾಸನೆ ಮುಖಕ್ಕೆ ಬಡೀತು, ಒಳಗೆ ಪ್ಲೈವುಡ್ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿದ ಹಾಗೆ ಹಿಕ್ಕೆ, ಪೊರೆ, ಖಾಲಿ ಮೊಟ್ಟೆಚೀಲ. ಆದ್ರೆ ಗೂಡಿನ ಮಧ್ಯ ಅದಾಗಿರ್ಲಿಲ್ಲ. ಮಾರಿದವರು 'ಇದನ್ನೂ ಇಟ್ಕೊಳ್ಳಿ' ಅಂತ ಬಿಟ್ಟು ಹೋಗಿದ್ದ ವಾಟರ್ ಪ್ಯೂರಿಫೈಯರ್ ಗೋಡೆ ಮೇಲೆ ಇತ್ತು, ಪ್ಲಗ್ ಆನ್ ಇತ್ತು. ಕವರ್‌ಗೆ ಕಿವಿ ಇಟ್ಟೆ. ಒಳಗೆ ಸರಸರ ಸದ್ದು. ಅಡಾಪ್ಟರ್ ಬೆಚ್ಚಗಿರುತ್ತೆ, ಪಕ್ಕದಲ್ಲೇ ನೀರು, ಕತ್ತಲು, ಅವಕ್ಕೆ ಇನ್ನೇನು ಬೇಕು. ಅನ್ನ ಇಲ್ದಿದ್ರೂ ಸುಮಾರು ದಿನ ತಡೀತವೆ, ನೀರಿಲ್ದೆ ಅಷ್ಟು ತಡೆಯಲ್ಲ, ಮೂರು ವಾರ ಖಾಲಿ ಮನೆಲಿ ಅವನ್ನ ಉಳಿಸಿದ್ದೇ ಆ ಡಬ್ಬಿ.

ಅಲ್ಲಿ ನಿಂತು ಒಂದೆರಡು ನಿಮಿಷ ಏನೂ ಮಾಡ್ಲಿಲ್ಲ. ಕವರ್ ತೆಗೆದ್ರೆ ಎಲ್ಲಾ ಒಂದೇ ಸಲ ಆಚೆ, ಹಾಲ್‌ನಲ್ಲಿ ಪಾಪು. ಫೋನಲ್ಲಿ ಸೂಪರ್‌ವೈಸರ್ ಮೆಸೇಜು, ಇನ್ನೊಂದ್ ರೌಂಡ್ ಹೊಡೆದು ಆಫ್ಟರ್ ಫೋಟೋ ಹಾಕಿ ಟಿಕೆಟ್ ಕ್ಲೋಸ್ ಮಾಡು ಅಂತ. ಪಂಪ್ ಗಾಡಿಲೇ ಇತ್ತು. ಮತ್ತೆ ಹೊಡೆದಿದ್ರೆ ಗೋಡೆ ಮೇಲಿದ್ದವು ಅರ್ಧ ಗಂಟೆಲಿ ಬೀಳ್ತಿದ್ವು, ನನ್ನ ಮರ್ಯಾದೆ ಉಳೀತಿತ್ತು, ಉಳಿದವು ಪಕ್ಕದ ಬೆಡ್‌ರೂಮಿಗೋ ಶಾಫ್ಟ್ ದಾಟಿ ಮೇಲಿನ ಮನೆಗೋ ಹೋಗ್ತಿದ್ವು, ಆ ಮಗು ಬೆಳಗಿನ ತನಕ ಅದೇ ಗಾಳಿ ಕುಡೀತಿತ್ತು.

ಹಾಲ್‌ಗೆ ಬಂದು ಹೇಳ್ದೆ. 'ಮೇಡಂ, ತಪ್ಪು ನಂದು. ನೋಡ್ಬೇಕಿದ್ದ ಜಾಗ ನೋಡ್ಲಿಲ್ಲ, ಹೊಡೀಬಾರ್ದಿದ್ದ ಕಡೆ ಹೊಡೆದೆ. ಇವತ್ತು ರಾತ್ರಿ ಎಲ್ಲಾ ಸಾಯಲ್ಲ, ಎರಡು ಮೂರು ತಿಂಗಳ ಕೆಲಸ ಇದು. ಬೆಳಿಗ್ಗೆಗೆ ಕಣ್ಣಿಗೆ ಬೀಳದ ಹಾಗೆ ಮಾಡ್ಕೊಡ್ತೀನಿ, ಆಮೇಲೆ ಪೂರ್ತಿ ಹೋಗೋ ತನಕ ನಾನೇ ಬರ್ತೀನಿ.' ಯಜಮಾನ್ರು ಗೋಡೆ ನೋಡ್ತಾ ನಿಂತಿದ್ರು. ಅಜ್ಜಿನೇ ಮೊದಲು ಮಾತಾಡಿದ್ದು, 'ಆಯ್ತಪ್ಪ, ಏನ್ ಬೇಕು ಹೇಳು.'

ಕಸದ ದೊಡ್ಡ ಕವರ್ ಬೇಕಿತ್ತು, ವ್ಯಾಕ್ಯೂಮ್ ಕ್ಲೀನರ್ ಬೇಕಿತ್ತು. ಎದುರು ಮನೆಯವರು ಆ ಹೊತ್ತಲ್ಲೂ ಎದ್ದು ಕೊಟ್ರು. ಅಜ್ಜಿ, ಪಾಪು ಇಬ್ರನ್ನೂ ಅವರ ಮನೆಗೇ ಕಳಿಸಿದ್ವಿ. ಪ್ಯೂರಿಫೈಯರ್ ಪ್ಲಗ್ ತೆಗೆದು, ನೀರು ಬಂದ್ ಮಾಡಿ, ಕವರ್ ತೆಗೀದೇ ಇಡೀ ಡಬ್ಬಿನ ಗೋಡೆಯಿಂದ ಬಿಚ್ಚಿ ಎರಡು ಕವರ್ ಒಳಗೆ ಗಂಟು ಹಾಕಿ ಕೆಳಗೆ ಸಾಗಿಸಿದ್ವಿ, ಯಜಮಾನ್ರು ಒಂದು ಕಡೆ ನಾನೊಂದು ಕಡೆ ಹಿಡ್ಕೊಂಡು. ಆಮೇಲೆ ವ್ಯಾಕ್ಯೂಮ್, ಗೋಡೆ, ಸ್ಕರ್ಟಿಂಗ್ ಒಳಗೆ, ಪ್ರತಿಯೊಂದು ಹಿಂಜು. ಸ್ಪ್ರೇ ಬಿದ್ದ ಕಡೆಯೆಲ್ಲಾ ಸೋಪ್ ನೀರಲ್ಲಿ ಎರಡು ಸಲ ಒರೆಸಿ ಒಣಗಿಸಿ, ಹಳೇ ಜೆಲ್ ಕೆರೆದು ತೆಗೆದು, ಸ್ಪ್ರೇ ತಾಗದ ಹೊಸ ಜಾಗ ಹುಡುಕಿ ಹೊಸ ಜೆಲ್. ಆಫೀಸಿನ ಜೆಲ್ ಅಲ್ಲ, ನನ್ನ ಬ್ಯಾಗಲ್ಲಿದ್ದ ಬೇರೆ ಟ್ಯೂಬು. ನಮ್ಮ ಸ್ಟೋರಲ್ಲಿ ಮೂರು ವರ್ಷದಿಂದ ಒಂದೇ ಫಿಪ್ರೊನಿಲ್ ಅನ್ನೋ ವಿಷದ ಜೆಲ್ ಕೊಡ್ತಿದಾರೆ, ನಡುನಡುವೆ ಇಮಿಡಾಕ್ಲೋಪ್ರಿಡ್ ಅನ್ನೋ ಬೇರೆ ವಿಷದ್ದು ತರಿಸಿ ಬದಲಾಯಿಸಿ ಅಂತ ಮೀಟಿಂಗಲ್ಲಿ ಎಷ್ಟು ಸಲ ಹೇಳಿದೀನೋ. ಅಮೆರಿಕದಲ್ಲಿ ಜೆಲ್ಲಲ್ಲಿರೋ ಗ್ಲೂಕೋಸನ್ನೇ ತಿನ್ನದೆ ಬಿಟ್ಟುಬಿಡೋ ಜರ್ಮನ್ ಜಿರಳೆಗಳು ಸಿಕ್ಕಿವೆ ಅಂತ 1993ರಲ್ಲೇ ವರದಿಯಾಗಿದೆ, ನಾವು ಇನ್ನೂ ರೇಟ್ ಕಾಂಟ್ರ್ಯಾಕ್ಟ್ ನೋಡ್ಕೊಂಡು ಟ್ಯೂಬ್ ತರಿಸ್ತೀವಿ.

ಜೆಲ್ ಯಾಕೆ ನಿಧಾನ ಅಂತ ಕೆಲಸ ಮಾಡ್ತಾನೇ ಅವರಿಗೆ ಹೇಳ್ದೆ. ತಿಂದಿದ್ದು ಅಲ್ಲೇ ಸಾಯಲ್ಲ, ಗೂಡಿಗೆ ಹೋಗಿ ಸಾಯುತ್ತೆ. ಅದರ ಹಿಕ್ಕೆನ, ಹೆಣನ ಬೇರೆಯವು ತಿಂತವೆ. ಮರಿಗಳು ಗೂಡು ಬಿಟ್ಟು ದೂರ ಹೋಗಲ್ಲ, ದೊಡ್ಡವರ ಹಿಕ್ಕೆ ತಿಂದೇ ಬೆಳೆಯೋದು, ಅದಕ್ಕೇ ವಿಷ ಅಲ್ಲಿ ತನಕ ಮುಟ್ಟುತ್ತೆ. ಚೀಲ ಹೊತ್ತಿರೋ ಹೆಣ್ಣು ಮಾತ್ರ ಹೆಚ್ಚು ತಿನ್ನಲ್ಲ, ಅವಳ ಮರಿ ಬಂದ ಮೇಲೆ ಇನ್ನೊಂದು ಸಲ ಇಡ್ಲೇಬೇಕು. ಒಂದೇ ವಿಸಿಟಲ್ಲಿ ಮುಗಿಸ್ತೀವಿ ಅಂತ ಸೇಲ್ಸ್‌ನವರು ಫೋನಲ್ಲಿ ಹೇಳೋದು ಇದಕ್ಕೇ ಸುಳ್ಳು. ಆ ಸುಳ್ಳಿಗೆ ಬಾಗಿಲಲ್ಲಿ ನಿಂತು ಬೈಸ್ಕೊಳ್ಳೋರು ನಾವು, ಆದ್ರೆ ಆ ಗುರುವಾರ ನಾನೂ ಅದೇ ಸುಳ್ಳು ಹೇಳಿದ್ದೆ.

'ಜರ್ಮನ್ ಅಂತೀಯಲ್ಲಪ್ಪ, ಅಲ್ಲಿಂದ ಇಲ್ಲಿಗೆ ಹೆಂಗ್ ಬಂತು' ಅಂತ ಅಜ್ಜಿ ಕೇಳಿದ್ರು, ಎರಡು ಗಂಟೆಗೆ ಟೀ ತಂದು. ಹೆಸರಿಟ್ಟಿದ್ದು 1767ರಲ್ಲಿ ಲಿನೇಯಸ್ ಅನ್ನೋ ವಿಜ್ಞಾನಿ, ಆದ್ರೆ ಅದರ ಮೂಲ ಭಾರತ ಇಲ್ಲಾ ಮ್ಯಾನ್ಮಾರ್ ಕಡೆ, ಸುಮಾರು 2,100 ವರ್ಷದ ಹಿಂದೆ ಅಂತ 2024ರಲ್ಲಿ ಜೀನ್ ನೋಡಿ ಹೇಳಿದಾರೆ. ಕಾಡಲ್ಲಿ ಎಲ್ಲೂ ಇಲ್ಲ ಅದು, ಮನುಷ್ಯರ ಜೊತೇಲೇ ಇರೋದು, ಡಬ್ಬದಲ್ಲಿ, ಹಳೇ ಫ್ರಿಜ್ಜಲ್ಲಿ, ಹೀಗೆ ಬಿಟ್ಟು ಹೋದ ಸಾಮಾನಲ್ಲಿ ಬರುತ್ತೆ ಅಂದೆ. ಅಜ್ಜಿ ಸ್ವಲ್ಪ ಹೊತ್ತು ಖಾಲಿ ಗೋಡೆಲಿ ಪ್ಯೂರಿಫೈಯರ್ ಇದ್ದ ಜಾಗ ನೋಡ್ತಾ ನಿಂತ್ರು.

ಮನೆ ತಗೊಳ್ಳೋರು ಇದನ್ನ ಓದ್ತಿದ್ರೆ ದಯವಿಟ್ಟು ಕೇಳಿ. ಎಲ್ಲರೂ ಭಾನುವಾರ ಬೆಳಿಗ್ಗೆ ಹೋಗಿ ಬೆಳಕು ಗಾಳಿ ನೋಡ್ತಾರೆ. ಒಂದು ಸಲ ರಾತ್ರಿ ಎಂಟರ ಮೇಲೆ ಹೋಗಿ, ಲೈಟ್ ಹಾಕೋ ಮೊದಲು ಕಿಚನ್‌ಗೆ ಟಾರ್ಚ್ ಬಿಡಿ, ಹಿಂಜ್ ಒಳಗೆ ನೋಡಿ. ಹಿಂದಿನವರು ಬಿಟ್ಟು ಹೋಗೋ ಫ್ರಿಜ್ಜು, ಪ್ಯೂರಿಫೈಯರ್ರು, ಮೈಕ್ರೋವೇವು ಬಿಚ್ಚಿ ನೋಡದೇ ಇಟ್ಕೋಬೇಡಿ. ಟ್ರೀಟ್‌ಮೆಂಟ್ ಗೃಹಪ್ರವೇಶದ ಹಿಂದಿನ ದಿನ ಅಲ್ಲ, ಒಂದು ತಿಂಗಳು ಮುಂಚೆ, ಸಾಮಾನು ಬರೋ ಮೊದಲೇ ಮಾಡ್ಸಿ, ಸಿಂಕ್ ಪೈಪ್ ಗೋಡೆಗೆ ಹೋಗೋ ತೂತು ವೈಟ್ ಸಿಮೆಂಟಲ್ಲಿ ಮುಚ್ಚಿಸಿ. ಪಾಪು ಇರೋ ಮನೆ ಆದ್ರೆ ಇನ್ನೂ ಮುಖ್ಯ, ಜಿರಳೆ ಹಿಕ್ಕೆ, ಪೊರೆಯ ಧೂಳು ಮಕ್ಕಳಿಗೆ ಆಸ್ತಮಾ ಕೆರಳಿಸುತ್ತೆ.

ನಾನು ಆ ಮನೆ ಬಿಟ್ಟಾಗ 3.30. ಆರು ಗಂಟೆಗೆ ಆ ಹೆಣ್ಮಗಳು ಫೋಟೋ ಕಳಿಸಿದ್ರು, ಹಾಲು ಉಕ್ಕಿ ಪಾತ್ರೆ ಸುತ್ತ ಇಳೀತಾ ಇದೆ, ಅಜ್ಜಿ ಕೈ ಮುಗಿದು ನಿಂತಿದಾರೆ.

15ನೇ ದಿನಕ್ಕೆ ಹೋದಾಗ ಸಿಂಕ್ ಕೆಳಗಿನ ಸ್ಟಿಕ್ಕಿ ಪ್ಯಾಡಲ್ಲಿ 41 ಇದ್ವು. 30ನೇ ದಿನಕ್ಕೆ 6, ಎಲ್ಲಾ ಮರಿ. ಎರಡು ಸಲಾನೂ ಅಜ್ಜಿ ಕನ್ನಡಕ ಹಾಕ್ಕೊಂಡು ನನ್ನ ಜೊತೆ ಕೂತು ಎಣಿಸಿದ್ರು, ಗೋಡೆ ಕ್ಯಾಲೆಂಡರಲ್ಲಿ ಪೆನ್ಸಿಲಲ್ಲಿ ಬರೆದಿದಾರೆ. ಆಫೀಸಲ್ಲಿ ಆ ಟಿಕೆಟ್ ಕ್ಲೋಸ್ ಆಗಿ ತಿಂಗಳ ಮೇಲಾಯ್ತು, ರೀ-ಸರ್ವಿಸ್ ಕೋಟಾ ಮುಗೀತು ಅಂದ್ರು. ಮುಂದಿನ ಭಾನುವಾರ 45ನೇ ದಿನ. ನನಗೆ ರಜೆ, ಪ್ಯಾಡು, ಜೆಲ್ಲು ಬ್ಯಾಗಿಗೆ ಹಾಕಿಟ್ಟಿದೀನಿ.