ಆನ್‌ಲೈನ್ ಕಾನ್ಫರೆನ್ಸ್ ನೋಡಿ ಸರ್ಜನ್ ಆಗೋದಾ?

ಬಾಗಲಕೋಟೆಯಲ್ಲಿ ಸರ್ಜರಿ ಕಲಿಸುವ ನನಗೆ ಎಂಬಿಬಿಎಸ್ ಹುಡುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು: “ಸರ್, ವರ್ಚುವಲ್ ಕಾನ್ಫರೆನ್ಸ್ ನೋಡಿದ್ಮ್ಯಾಲೆ ಸರ್ಜರೀನೇ ಮಾಡಬೇಕು ಅನಸಾಕತ್ತೈತಿ. ಈ ಆಸೆ ನಂಬಬಹುದೇನ್ರಿ?”

ಆಸೆಯನ್ನು ನಂಬಿ. ತೀರ್ಮಾನ ಮಾತ್ರ ವಾರ್ಡಿನಲ್ಲಿ ಮಾಡಿ.

ಸ್ಕ್ರೀನನ್ನು ಹಗುರವಾಗಿ ನೋಡುವವನು ನಾನಲ್ಲ. 2020ರಲ್ಲಿ ಕೋವಿಡ್ ಬಂದು, ಸರ್ಜನ್‌ಗಳು ಆಪರೇಷನ್ ತೋರಿಸಿ ಚರ್ಚಿಸುವ ಕಾನ್ಫರೆನ್ಸ್‌ಗಳು ಆನ್‌ಲೈನ್ ಆದವು. ಅದಕ್ಕೂ ಮೊದಲು ಬೆಂಗಳೂರಿಗೆ ಹೋಗಬೇಕೆಂದರೆ ರಾತ್ರಿಯಿಡೀ ಗೋಲಗುಂಬಜ್ ಎಕ್ಸ್‌ಪ್ರೆಸ್, ಲಾಡ್ಜ್, ರಿಜಿಸ್ಟ್ರೇಶನ್ ಫೀ, ಮೇಲೆ ಅಟೆಂಡೆನ್ಸ್ ಚಿಂತೆ. ಪಿಜಿಗಳಿಗೇ (ಎಂಬಿಬಿಎಸ್ ಮುಗಿಸಿ ಸ್ನಾತಕೋತ್ತರ ಓದುವವರಿಗೇ) ರಜೆ ಸಿಗೋದು ಕಷ್ಟ, ಎಂಬಿಬಿಎಸ್ ಹುಡುಗರನ್ನು ಯಾರು ಕಳಿಸುತ್ತಾರೆ? ಈಗ ಕೂತಲ್ಲೇ ನೋಡಬಹುದು.

ಇನ್ನೊಂದು ಲಾಭವೂ ಇದೆ. ಹೊಟ್ಟೆ ತೆರೆದು ಮಾಡುವ ಆಪರೇಷನ್‌ನಲ್ಲಿ ಹಿಂದೆ ನಿಂತ ವಿದ್ಯಾರ್ಥಿಗೆ ಕಾಣುವುದು ನಮ್ಮ ಬೆನ್ನು ಅಷ್ಟೇ. ಸಣ್ಣ ರಂಧ್ರದಿಂದ ಕ್ಯಾಮೆರಾ ಹಾಕಿ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಸರ್ಜನ್ ಕೂಡ ನೋಡುವುದು ಮಾನಿಟರನ್ನೇ. ಪಿತ್ತಕೋಶ ತೆಗೆಯುವಾಗ ಅದರ ನಾಳ ಯಾವುದು, ರಕ್ತನಾಳ ಯಾವುದು ಎಂದು ಖಚಿತವಾಗುವವರೆಗೆ ಕ್ಲಿಪ್ ಹಾಕಬಾರದು. ಆ ಬಿಡಿಸುವ ಕೆಲಸವನ್ನು ಸರ್ಜನ್ ನೋಡಿದಷ್ಟೇ ಹತ್ತಿರದಿಂದ ನೀವು ಹಾಸ್ಟೆಲ್ ರೂಮಿನಲ್ಲಿ ಮೊಬೈಲ್ ಹಿಡಿದು ನೋಡಬಹುದು. ಹಾಲ್‌ನಲ್ಲಿ ಎದ್ದು ಮೈಕ್ ಹಿಡಿಯಲು ಹೆದರುವ ಹುಡುಗಿ ಚಾಟ್‌ನಲ್ಲಿ ಸೊಗಸಾದ ಪ್ರಶ್ನೆ ಕೇಳುತ್ತಾಳೆ. ‘ಹೆಣ್ಣುಮಕ್ಕಳಿಗೆ ಸರ್ಜರಿ ಯಾಕೆ’ ಅನ್ನುವ ಮನೆಯವರ ನಡುವೆ ಬೆಳೆದವಳು ಅಲ್ಲಿ ಹೆಣ್ಣು ಸರ್ಜನ್‌ಗಳು ಆಪರೇಷನ್ ಮಾಡಿ ವಿವರಿಸುವುದನ್ನು ನೋಡುತ್ತಾಳೆ. ಇದು ಸಣ್ಣ ಮಾತಲ್ಲ.

(ಲಾಗಿನ್ ಆಗಿ, ಮ್ಯೂಟ್ ಮಾಡಿ, ಸರ್ಟಿಫಿಕೇಟ್‌ಗೋಸ್ಕರ ಮಲಗಿಬಿಡುವವರೂ ಇದ್ದಾರೆ. ಅವರು ಈ ಪ್ರಶ್ನೆ ಕೇಳೋದಿಲ್ಲ ಬಿಡಿ.)

ತೊಂದರೆ ಇರುವುದು ವಿಡಿಯೋದಿಂದ ಕತ್ತರಿಸಿ ತೆಗೆದ ಭಾಗದಲ್ಲಿ. ಗಂಟೆಗಟ್ಟಲೆ ನಡೆದ ಆಪರೇಷನ್ ಹತ್ತು ನಿಮಿಷದ ವಿಡಿಯೋ ಆಗಿರುತ್ತದೆ. ಅಂಟಿಕೊಂಡ ಕರುಳನ್ನು ಬಿಡಿಸಲು ಒದ್ದಾಡಿದ್ದು, ರಕ್ತ ಬಂದು ಏನೂ ಕಾಣದಾಗಿದ್ದು ಸಾಮಾನ್ಯವಾಗಿ ಅದರಲ್ಲಿ ಇರೋದಿಲ್ಲ. ದಾರ ಎಷ್ಟು ಬಿಗಿದರೆ ಅಂಗಾಂಶ ಹರಿಯುತ್ತದೆ ಅನ್ನೋದು ಕೈಗೆ ಮಾತ್ರ ಗೊತ್ತಾಗುವ ವಿಷಯ. ಇನ್ನು ಆಪರೇಷನ್ ಆದಮೇಲಿನ ದಿನಗಳು. ಕರುಳಿನ ಹೊಲಿಗೆ ಸೋರುವುದಿದ್ದರೆ ಸಾಮಾನ್ಯವಾಗಿ 5ರಿಂದ 7ನೇ ದಿನದ ಸುಮಾರಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಕಾನ್ಫರೆನ್ಸ್ ಮುಗಿದು ಎಲ್ಲರೂ ಲಾಗೌಟ್ ಆಗಿರುತ್ತಾರೆ. ಜ್ವರ ಬಂದ ರೋಗಿಯ ಮಗನಿಗೆ ಏನು ಹೇಳಬೇಕು ಅಂತ ವಾರ್ಡಿನಲ್ಲಿ ನಿಂತು ಯೋಚಿಸುವವನು ಸರ್ಜನ್.

ನಮ್ಮ ವಾರ್ಡುಗಳಲ್ಲಿ ಶುಗರ್ ಇರುವವರ ಕಾಲಿನ ಹುಣ್ಣು ಜಾಸ್ತಿ. ದಿನಾ ಡ್ರೆಸ್ಸಿಂಗ್, ವಾಸನೆ, “ಸಾಹೇಬ್ರ, ಕಾಲು ಉಳಿತೈತೇನ್ರಿ?” ಅನ್ನುವ ಪ್ರಶ್ನೆ. ಇದನ್ನು ರೋಬೋಟಿಕ್ ಸರ್ಜರಿಯ ಸೆಷನ್‌ನಲ್ಲಿ ಯಾರೂ ತೋರಿಸುವುದಿಲ್ಲ. ಎಂಎಸ್ (ಸರ್ಜರಿಯ ಸ್ನಾತಕೋತ್ತರ ಪದವಿ) ಓದುವ 3 ವರ್ಷದಲ್ಲಿ ನೀವು ಮಾಡುವುದು ಬಹುಪಾಲು ಇಂಥದ್ದೇ.

ಹಾಗಾಗಿ ನಾನು ಹೇಳುವುದಿಷ್ಟು. ಆನ್‌ಲೈನ್‌ನಲ್ಲಿ ಹೊಳೆಯುವ ವಿಡಿಯೋಗಿಂತ ಕಾಂಪ್ಲಿಕೇಶನ್ (ಆಪರೇಷನ್‌ನಿಂದ ಆಗುವ ತೊಂದರೆ) ಬಗ್ಗೆ ಇರುವ ಸೆಷನ್ ಆರಿಸಿ. ಆಮೇಲೆ ವಾರ್ಡಿನ ಪೋಸ್ಟಿಂಗ್‌ನಲ್ಲಿ ಒಬ್ಬ ರೋಗಿಯನ್ನು ಹಿಡಿಯಿರಿ. ಕ್ಯಾಶುಯಲ್ಟಿಯಿಂದ ಡಿಸ್ಚಾರ್ಜ್‌ವರೆಗೆ ಅವರನ್ನು ಬಿಡಬೇಡಿ. ರಾತ್ರಿ ಎಮರ್ಜೆನ್ಸಿಗೆ ಬನ್ನಿ, ಪಿಜಿಯನ್ನು ಕೇಳಿ ಸ್ಕ್ರಬ್ ಆಗಿ (ಕೈ ತೊಳೆದು ಗೌನು, ಗ್ಲೌಸ್ ಹಾಕಿಕೊಂಡು), ಗಾಯದ ಅಂಚನ್ನು ಎಳೆದು ಹಿಡಿಯುವ ರಿಟ್ರ್ಯಾಕ್ಟರ್ ಹಿಡಿದು ನಿಲ್ಲಿ. ಕೈ ನೋಯುತ್ತದೆ, ಬೈಗುಳವೂ ಸಿಗಬಹುದು.

ಎಂಬಿಬಿಎಸ್‌ಗೆ ಇಂಟರ್ನ್‌ಶಿಪ್ ಸೇರಿ 5½ ವರ್ಷ, ಎಂಎಸ್ 3, ಸೂಪರ್ ಸ್ಪೆಷಾಲಿಟಿ ಬೇಕಾದರೆ ಎಂಸಿಎಚ್ ಮತ್ತೆ 3. ಲೆಕ್ಕ ಮನೆಯವರಿಗೂ ಹೇಳಿ. ಇದೆಲ್ಲ ಆದಮೇಲೂ ಸರ್ಜರಿ ಬೇಕು ಅನಿಸಿದರೆ ಡಿಪಾರ್ಟ್‌ಮೆಂಟಿಗೆ ಬನ್ನಿ, ಪಿಜಿ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಓದಿನ ಬಗ್ಗೆ ಮಾತಾಡೋಣ.