ಹಿರೇಗುಡ್ಡದ ಚಕ್ಕೆಗಳು

ನಮ್ಮ ಮೇಷ್ಟ್ರು ಪ್ರಾಗಿತಿಹಾಸದ ಪಾಠಕ್ಕೆ ನುಣುಪಾದ ಕಲ್ಲಿನ ಕೊಡಲಿ ತರುತ್ತಿರಲಿಲ್ಲ, ಮುರಿದದ್ದನ್ನೇ ಮೇಜಿನ ಮೇಲಿಡುತ್ತಿದ್ದರು. 'ಮೊದಲು ಇದು ಯಾಕೆ ಕೆಟ್ಟಿತು ಹೇಳ್ರಿ' ಎಂಬಲ್ಲಿಂದ ಪಾಠ ಶುರು. ಪ್ರಾಚೀನ ನೆಲೆಯಿಂದ ಒಂದು ಚೂರನ್ನೂ ಎತ್ತಿ ತರಬಾರದೆಂಬುದು ಅವರ ಕಟ್ಟಪ್ಪಣೆ. ಮೇಜಿನ ಮೇಲಿದ್ದವು ಅಭ್ಯಾಸಕ್ಕೆಂದು ಒಡೆದ ಕರಿಕಲ್ಲುಗಳು.

ಪಾಠದ ಹಿಂದಿದ್ದದ್ದು ಬಳ್ಳಾರಿ ಪಕ್ಕದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡಗಳು. ಅಲ್ಲಿನ ಹಿರೇಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಡೊಲೆರೈಟ್ ಎಂಬ ಕರಿಕಲ್ಲಿನ ಪಟ್ಟಿ ಹಾದುಹೋಗಿದೆ. ಸುಮಾರು ಮೂರೂವರೆ ಸಾವಿರ ವರ್ಷಗಳ ಹಿಂದೆ ನವಶಿಲಾಯುಗದ ಜನ ಈ ಕಲ್ಲಿನಿಂದಲೇ ಕೊಡಲಿ ಮಾಡಿದರು, ಅದೂ ರಾಶಿರಾಶಿಯಾಗಿ.

ಮೊದಲು ಕಲ್ಲನ್ನು ಕೊಡಲಿಗಿಂತ ತುಸು ದೊಡ್ಡ ತುಂಡಾಗಿ ಒಡೆಯಬೇಕು. ಆಮೇಲೆ ಸುತ್ತಿಗೆಕಲ್ಲಿನಿಂದ ಅಂಚಿಗೆ ಹೊಡೆದು ಎರಡೂ ಮುಖಗಳಿಂದ ಚಕ್ಕೆ ಎಬ್ಬಿಸುತ್ತಾ ಹೋಗಬೇಕು. ಕೈಚಳಕವೆಲ್ಲ ಇಲ್ಲಿದೆ. ಪೆಟ್ಟು ಬೀಳುವ ಅಂಚಿನ ಕೋನ 90 ಡಿಗ್ರಿಗಿಂತ ಕಡಿಮೆ ಇರಲೇಬೇಕು, ಇಲ್ಲದಿದ್ದರೆ ಕಲ್ಲು ಜಜ್ಜಿಹೋಗುತ್ತದೆಯೇ ಹೊರತು ಚಕ್ಕೆ ಏಳುವುದಿಲ್ಲ. ಪೆಟ್ಟಿಗೆ ಬಲ ಸಾಲದೆ ಹೋದರೆ ಚಕ್ಕೆ ಅರ್ಧಕ್ಕೇ ತುಂಡಾಗಿ ಮೆಟ್ಟಿಲು ಬಿಡುತ್ತದೆ. ಮುಂದಿನ ಚಕ್ಕೆಯೂ ಅದೇ ಮೆಟ್ಟಿಲಿಗೆ ಬಂದು ನಿಲ್ಲುತ್ತದೆ, ಅದರ ಮುಂದಿನದೂ ಅಷ್ಟೇ. ಕೊನೆಗೆ ನಡುವೆ ಗೂನು ಉಳಿದು ಕಲ್ಲು ಎಸೆಯುವಂತಾಗುತ್ತದೆ. ಬಲ ಹೆಚ್ಚಾದರೆ ಇನ್ನೂ ಕಷ್ಟ: ಪೆಟ್ಟಿನ ನಡುಕ ಉದ್ದಕ್ಕೂ ಹರಿದು, ಮುಗಿಯುತ್ತಾ ಬಂದ ಕೊಡಲಿ ಅಡ್ಡಡ್ಡ ಎರಡು ತುಂಡು.

ಇದು ದಾಟಿದ ಮೇಲೆ ಕುಟ್ಟುವ ಕೆಲಸ. ಚಕ್ಕೆ ಎದ್ದಲ್ಲಿ ಉಳಿದ ಏಣುಗಳನ್ನು ಸಣ್ಣ ಸಣ್ಣ ಪೆಟ್ಟುಗಳಿಂದ ಪುಡಿಮಾಡಿ ಮಟ್ಟ ಮಾಡುವುದು. ಬೇಸರದ ಕೆಲಸ, ಆದರೆ ಏಣು ಉಳಿದಷ್ಟೂ ಮುಂದಿನ ಉಜ್ಜಾಟ ಹೆಚ್ಚುತ್ತದೆ. ಕೊನೆಗೆ ಗ್ರಾನೈಟ್ ಬಂಡೆಯ ಮೇಲೆ ನೀರು ಹಾಕಿ ಮಸೆಯುವುದು. ಹಾಗೆ ಮಸೆದ ಉದ್ದನೆಯ ಗುಳಿಗಳು ಬಂಡೆಗಳ ಮೇಲೆ ಈಗಲೂ ಇವೆ, ಬೆರಳಿಟ್ಟರೆ ಸುತ್ತಲಿನ ಒರಟು ಕಲ್ಲಿಗಿಂತ ತೀರ ನುಣುಪು. ಎಷ್ಟೋ ಕೊಡಲಿಗಳಲ್ಲಿ ಅಲಗಿನ ಭಾಗ ಮಾತ್ರ ಹೊಳೆಯುತ್ತದೆ, ಹಿಂಬದಿ ಕುಟ್ಟಿದಂತೆಯೇ ಒರಟಾಗಿದೆ. ಅದು ಅರೆಗೆಲಸವಲ್ಲ. ಕಡಿಯುವುದು ಅಲಗು ತಾನೆ.

ಈ ಜನ ದನ ಸಾಕಿದವರು. ಕೊರಲೆ ಎಂಬ ಸಿರಿಧಾನ್ಯ, ಹುರುಳಿ, ಹೆಸರು ತಿಂದವರು. ಹುರುಳಿ ಇಂದಿಗೂ ನಮ್ಮ ಅಡುಗೆಮನೆ ಬಿಟ್ಟಿಲ್ಲ. ಈ ಸೀಮೆಯ ಬೂದಿದಿಬ್ಬಗಳು ಇವರು ಸುಟ್ಟ ಸಗಣಿಯ ರಾಶಿಗಳು. ಹಂಪಿ ಹತ್ತಿರದ ನಿಂಬಾಪುರದಲ್ಲಿ ಅಂಥದೇ ಒಂದು ದಿಬ್ಬವನ್ನು ವಾಲಿಯ ಚಿತಾಭಸ್ಮ ಎನ್ನುತ್ತಾರೆ.

ಸಂಗನಕಲ್ಲಿನ ಸುತ್ತ ಗ್ರಾನೈಟ್ ಒಡೆಯುವ ಕೆಲಸ ಈ ನೆಲೆಗಳನ್ನು ಬಹಳ ನುಂಗಿದೆ. ಅದು ಸಂಕಟದ ಮಾತು, ಯಾಕೆಂದರೆ ಇಲ್ಲಿ ಚಕ್ಕೆ ಬಿದ್ದ ಜಾಗವೇ ಅರ್ಧ ಸಾಕ್ಷ್ಯ. ಹೊರಮೈ ಮಾಸಲಾದ ದಪ್ಪ ಚಕ್ಕೆಗಳು ಒಂದೆಡೆ ಗುಂಪಾಗಿದ್ದರೆ ಅಲ್ಲಿ ಕಲ್ಲನ್ನು ಮೊದಲು ಒಡೆದರು. ತೆಳ್ಳಗಿನ ಸಣ್ಣವು ಬೇರೆಡೆ ಇದ್ದರೆ ಅಲ್ಲಿ ಕೂತು ಆಕಾರ ತಿದ್ದಿದರು. ಗುಡ್ಡ ಹತ್ತುವ ಈಗಿನ ವಿದ್ಯಾರ್ಥಿಗಳು ಚಕ್ಕೆಯನ್ನು ಬಿದ್ದಲ್ಲೇ ಬಿಡಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ, ಪೆಟ್ಟು ಬಿದ್ದ ಕಡೆಯ ಉಬ್ಬನ್ನು ಬಗ್ಗಿ ನೋಡಿ.